ಮ್ಯಾಗಜಿನ್ ತೆಗೆದರೆ ಪಿಸ್ತೂಲು ಖಾಲಿ ಆಯ್ತಾ?

"ಕೋವಿ ಕ್ಲೀನ್ ಮಾಡುವಾಗ ಆಕಸ್ಮಿಕವಾಗಿ ಗುಂಡು ಹಾರಿತು." ಈ ತರಹದ ಸುದ್ದಿ ಪೇಪರಿನಲ್ಲಿ ಆಗಾಗ ಬರ್ತದೆ. ಓದಿ ಮುಂದಿನ ಪುಟಕ್ಕೆ ಹೋಗ್ತೇವೆ. ಆದರೆ ಒಂದು ಸಲ ಯೋಚನೆ ಮಾಡಿ: ಕ್ಲೀನ್ ಮಾಡ್ಲಿಕ್ಕೆ ಅಂತ ಕೈಗೆ ತಗೊಂಡ ಕೋವಿಯಲ್ಲಿ ಗುಂಡು ಎಲ್ಲಿಂದ ಬಂತು? ತುಂಬಿದೆ ಅಂತ ಗೊತ್ತಿದ್ದೂ ಯಾರೂ ಬಿಚ್ಚಲು ಕೂರುವುದಿಲ್ಲ. ಖಾಲಿ ಉಂಟು ಅಂತ ನಂಬಿಕೊಂಡೇ ಕೂರುವುದು. ಆ ನಂಬಿಕೆ ಎಲ್ಲಿ ಕೈಕೊಡ್ತದೆ ಅನ್ನುವುದು ಮೆಕ್ಯಾನಿಕಲ್ ಓದುವವರಿಗೆ ಮಾತ್ರ ಅಲ್ಲ, ಯಾವ ಬ್ರಾಂಚಿನವರಿಗೂ ಅರ್ಥ ಆಗುವ ವಿಷಯ.

ನಮ್ಮ ಕಟಪಾಡಿ, ಶಂಕರಪುರ, ಶಿರ್ವದ ಕಡೆ ಕೋವಿ ಅಂದ್ರೆ ಹಂದಿ, ಮಂಗ ಓಡಿಸಲು ಲೈಸೆನ್ಸ್ ಮಾಡಿಸಿದ ಬೆಳೆ ರಕ್ಷಣೆಯ ಕೋವಿ. ಪಿಸ್ತೂಲು ಕಾಣುವುದು ಹೆಚ್ಚಾಗಿ ಪೊಲೀಸ್ ಅಧಿಕಾರಿಗಳ ಸೊಂಟದಲ್ಲಿ, ಇಲ್ಲದಿದ್ದರೆ ಸಿನೆಮಾದಲ್ಲಿ. 9 ಎಂಎಂ ಪಿಸ್ತೂಲು ಸಾಮಾನ್ಯ ಜನರಿಗೆ ಲೈಸೆನ್ಸ್ ಇದ್ದರೂ ಸಿಗುವುದಿಲ್ಲ. ಲೈಸೆನ್ಸ್ ಇರುವವರ ಹತ್ತಿರ ಸಾಮಾನ್ಯವಾಗಿ.32 ಇರ್ತದೆ. ಆದರೂ ಪಿಸ್ತೂಲಿನಿಂದಲೇ ಶುರು ಮಾಡ್ತೇನೆ, ಯಾಕಂದ್ರೆ ತಪ್ಪು ತಿಳ್ಕೊಳ್ಳಲು ಅದರಲ್ಲಿ ಜಾಗ ಜಾಸ್ತಿ.

ಭಾರತದ ಸೈನ್ಯ ಮತ್ತು ಪೊಲೀಸರು ತುಂಬಾ ವರ್ಷ ಬಳಸಿದ ಪಿಸ್ತೂಲಿನ ಹೆಸರು "ಪಿಸ್ಟಲ್ ಆಟೋ 9 ಎಂಎಂ 1ಎ". ತಯಾರಾಗುವುದು ಪಶ್ಚಿಮ ಬಂಗಾಳದ ಇಶಾಪುರದ ರೈಫಲ್ ಫ್ಯಾಕ್ಟರಿಯಲ್ಲಿ. ಮೂಲ ಡಿಸೈನ್ ಬ್ರೌನಿಂಗ್ ಹೈ ಪವರ್. ಅದನ್ನು ಶುರು ಮಾಡಿದ ಜಾನ್ ಬ್ರೌನಿಂಗ್ 1926ರಲ್ಲಿ ತೀರಿಕೊಂಡರು, ಬೆಲ್ಜಿಯಂನ ಡ್ಯೂಡೊನೆ ಸೈವ್ ಮುಗಿಸಿದರು, 1935ರಲ್ಲಿ ಹೊರಗೆ ಬಂತು. ಹೆಸರಿನಲ್ಲಿ "ಆಟೋ" ಇದ್ದರೂ ಇದು ಸೆಮಿ ಆಟೋಮ್ಯಾಟಿಕ್: ಒಂದು ಸಲ ಟ್ರಿಗರ್ ಒತ್ತಿದರೆ ಒಂದೇ ಗುಂಡು. ಆದರೆ ಮುಂದಿನ ತೋಟೆಯನ್ನು ಅದೇ ತುಂಬಿಕೊಳ್ತದೆ. ಇಡೀ ಅಪಾಯ ಇರುವುದು ಈ "ಅದೇ ತುಂಬಿಕೊಳ್ತದೆ" ಅನ್ನುವಲ್ಲಿ.

ತೋಟೆಗಳು ಇರುವುದು ಹಿಡಿಯ ಒಳಗಿನ ಮ್ಯಾಗಜಿನ್‌ನಲ್ಲಿ. ಹೈ ಪವರ್‌ನಲ್ಲಿ 13 ಹಿಡಿಸ್ತದೆ. ಆದರೆ ಗುಂಡು ಹಾರುವುದು ಅಲ್ಲಿಂದ ಅಲ್ಲ. ನಳಿಗೆಯ ಹಿಂದಿನ ತುದಿಯಲ್ಲಿ ಒಂದು ತೋಟೆ ಕೂರುವಷ್ಟು ಜಾಗ ಉಂಟು, ಅದು ಚೇಂಬರ್. ಮೇಲಿನ ಸ್ಲೈಡ್ ಹಿಂದೆ ಹೋದಾಗ ಚೇಂಬರಿನಲ್ಲಿ ಇದ್ದದ್ದು ಹೊರಗೆ ಬೀಳ್ತದೆ. ಸ್ಪ್ರಿಂಗ್ ಬಲದಿಂದ ಮುಂದೆ ಬರುವಾಗ ಮ್ಯಾಗಜಿನ್‌ನ ಮೇಲಿನ ತೋಟೆಯನ್ನು ತಳ್ಳಿಕೊಂಡು ಹೋಗಿ ಚೇಂಬರಿಗೆ ಕೂರಿಸ್ತದೆ. ಗುಂಡು ಹಾರಿದಾಗ ಈ ಕೆಲಸ ಮಾಡುವುದು ಹಿಮ್ಮೊಗದ ಒದೆತ, ಕೈಯಿಂದ ಎಳೆದರೂ ಆಗುವುದು ಅದೇ.

ಈಗ ಎರಡು ಕೆಲಸ ಉಂಟು: ಮ್ಯಾಗಜಿನ್ ತೆಗೆಯುವುದು, ಸ್ಲೈಡ್ ಎಳೆಯುವುದು. ಮೊದಲು ಮ್ಯಾಗಜಿನ್ ತೆಗೆದು, ಆಮೇಲೆ ಸ್ಲೈಡ್ ಎಳೆದರೆ ಚೇಂಬರಿನ ತೋಟೆ ಹೊರಗೆ ಬೀಳ್ತದೆ, ಹೊಸದು ಬರಲು ಜಾಗವೇ ಇಲ್ಲ. ಉಲ್ಟಾ ಮಾಡಿದರೆ? ಸ್ಲೈಡ್ ಎಳೆದಿರಿ, ಒಂದು ತೋಟೆ ಟಣ್ ಅಂತ ನೆಲಕ್ಕೆ ಬಿತ್ತು, ನಿಮಗೆ ಸಮಾಧಾನ ಆಯ್ತು. ಅದೇ ಹೊತ್ತಿಗೆ ಸ್ಲೈಡ್ ವಾಪಸ್ ಹೋಗುವಾಗ ಇನ್ನೊಂದನ್ನು ಒಳಗೆ ಕೂರಿಸಿದೆ. ಈಗ ಮ್ಯಾಗಜಿನ್ ತೆಗೆದಿರಿ. ಎರಡೂ ಕೆಲಸ ಮಾಡಿದ್ದೀರಿ, ಒಂದು ತೋಟೆ ಹೊರಗೆ ಬಂದದ್ದನ್ನು ಕಣ್ಣಾರೆ ನೋಡಿದ್ದೀರಿ, ಆದರೂ ಪಿಸ್ತೂಲು ತುಂಬಿದೆ. ಮ್ಯಾಟ್ರಿಕ್ಸ್ ಗುಣಾಕಾರ ನೆನಪು ಮಾಡ್ಕೊಳ್ಳಿ, ಎ ಬಿ ಮತ್ತು ಬಿ ಎ ಒಂದೇ ಅಲ್ಲ. ಮ್ಯಾಥ್ಸ್ ಪೇಪರಿನಲ್ಲಾದರೆ ಎರಡು ಮಾರ್ಕ್ ಹೋಗ್ತದೆ, ಅಷ್ಟೆ.

ಹಾಗಾಗಿ ಕ್ರಮ ಹೀಗೆ. ನಳಿಗೆ ಯಾರೂ ಇಲ್ಲದ, ಗುಂಡು ತಡೆಯುವ ದಿಕ್ಕಿಗೆ. ಪಕ್ಕದ ರೂಮಿನ ತೆಳು ಗೋಡೆ ಲೆಕ್ಕಕ್ಕಿಲ್ಲ. ಬೆರಳು ಟ್ರಿಗರಿನ ಹೊರಗೆ. ಮ್ಯಾಗಜಿನ್ ತೆಗೆಯಿರಿ. ಸ್ಲೈಡ್ ಪೂರ್ತಿ ಹಿಂದೆ ಎಳೆದು ಅಲ್ಲಿಯೇ ನಿಲ್ಲಿಸಿ. ಚೇಂಬರಿನ ಒಳಗೆ ಕಣ್ಣಿನಿಂದ ನೋಡಿ, ಆಮೇಲೆ ಕಿರುಬೆರಳು ಹಾಕಿ ಮುಟ್ಟಿ ನೋಡಿ. ಎಕ್ಸ್‌ಟ್ರ್ಯಾಕ್ಟರ್ ಅಂತ ಒಂದು ಕೊಕ್ಕೆ ಉಂಟು, ತೋಟೆಯನ್ನು ಹಿಡಿದು ಹೊರಗೆಳೆಯುವುದು ಅದರ ಕೆಲಸ. ಅದು ಸವೆದಿದ್ದರೆ ಸ್ಲೈಡ್ ಎಳೆದರೂ ತೋಟೆ ಒಳಗೇ ಉಳೀಬಹುದು. ಕತ್ತಲೆಯಲ್ಲಿ, ಅರ್ಜೆಂಟಿನಲ್ಲಿ ಕಣ್ಣು ತಾನು ನಿರೀಕ್ಷೆ ಮಾಡಿದ್ದನ್ನೇ ನೋಡ್ತದೆ, ಬೆರಳು ಹಾಗೆ ಮಾಡುವುದಿಲ್ಲ. ತೆಗೆದ ತೋಟೆಗಳನ್ನು ಬೇರೆ ರೂಮಿನಲ್ಲಿ ಇಡಬೇಕು, ಅದೇ ಮೇಜಿನ ಮೇಲೆ ಅಲ್ಲ. ಎನ್‌ಸಿಸಿ ಮಾಡಿದವರಿಗೆ "ಖಾಲಿ ಕರ್", "ಜಾಂಚ್ ಶಸ್ತ್ರ್" ಅನ್ನುವ ಆರ್ಡರ್ ನೆನಪಿರಬಹುದು. ಅಲ್ಲಿ .22 ರೈಫಲ್ ಬಿಚ್ಚುವ ಪಾಠಕ್ಕೆ "ಖೋಲ್ನಾ ಜೋಡ್ನಾ" ಅಂತಾರೆ, ಆದರೆ ಖಾಲಿ ಇದೆಯಾ ಅಂತ ನೋಡದೆ ಆ ಪಾಠ ಶುರುವೇ ಆಗುವುದಿಲ್ಲ.

ಇಲ್ಲಿ ಒಂದು ಸ್ವಾರಸ್ಯ ಉಂಟು. ಹೈ ಪವರ್‌ನಲ್ಲಿ ಮ್ಯಾಗಜಿನ್ ಹೊರಗಿದ್ದರೆ ಟ್ರಿಗರ್ ಒತ್ತಿದರೂ ಗುಂಡು ಹಾರದ ಹಾಗೆ ಒಂದು ಏರ್ಪಾಡು ಇದೆ. ಒಳ್ಳೆಯದೇ ಅಲ್ವಾ ಅಂತ ಅನ್ನಿಸ್ತದೆ. ನನಗೆ ಅಷ್ಟು ಒಳ್ಳೆಯದು ಅಂತ ಅನ್ನಿಸುವುದಿಲ್ಲ. ಇದನ್ನು ಬಳಸಿ ಅಭ್ಯಾಸ ಆದವನ ತಲೆಯಲ್ಲಿ "ಮ್ಯಾಗಜಿನ್ ಇಲ್ಲ ಅಂದ್ರೆ ಸೇಫ್" ಅಂತ ಕೂತುಬಿಡ್ತದೆ. ಗ್ಲಾಕ್ ಪಿಸ್ತೂಲಿನಲ್ಲಿ ಈ ಏರ್ಪಾಡು ಇಲ್ಲ. ಅದು ಸಾಲದು ಅಂತ, ಗ್ಲಾಕ್ ಬಿಚ್ಚಬೇಕಾದರೆ ಮೊದಲು ಟ್ರಿಗರ್ ಒತ್ತಲೇಬೇಕು, ಇಲ್ಲದಿದ್ದರೆ ಸ್ಲೈಡ್ ಕಳಚುವುದಿಲ್ಲ. ಅಂದ್ರೆ ಕ್ಲೀನ್ ಮಾಡುವ ವಿಧಾನದಲ್ಲೇ ಟ್ರಿಗರ್ ಒತ್ತುವ ಹೆಜ್ಜೆ ಇದೆ. ಚೇಂಬರ್ ನೋಡದೆ ಆ ಹೆಜ್ಜೆ ಇಟ್ಟರೆ ಏನಾಗ್ತದೆ ಅಂತ ಬೇರೆ ಹೇಳಬೇಕಾಗಿಲ್ಲ. ಲೇತ್ ಮೆಷಿನ್ನಿಗೆ ಗಾರ್ಡ್ ಇದೆ ಅಂತ ಪವರ್ ಆಫ್ ಮಾಡದೆ ಯಾರಾದರೂ ಚಕ್‌ಗೆ ಕೈ ಹಾಕ್ತಾರಾ?

ಖಾಲಿ ಅಂತ ಖಚಿತ ಆದ ಮೇಲೆ ಬಿಚ್ಚುವುದು ಐದು ನಿಮಿಷದ ಕೆಲಸ. ಹೈ ಪವರ್‌ನಲ್ಲಿ ಸ್ಲೈಡನ್ನು ಹಿಂದೆ ಎಳೆದು ಸೇಫ್ಟಿ ಲಿವರನ್ನು ಸ್ಲೈಡಿನ ಕಚ್ಚಿಗೆ ಸಿಕ್ಕಿಸಿದರೆ ಅಲ್ಲೇ ನಿಲ್ತದೆ. ಸ್ಲೈಡ್ ಸ್ಟಾಪಿನ ಪಿನ್ನನ್ನು ಬಲಗಡೆಯಿಂದ ಒತ್ತಿ ಎಡಗಡೆಯಿಂದ ಎಳೆದು ತೆಗೆಯುವುದು. ಆಮೇಲೆ ಸ್ಲೈಡನ್ನು ಗಟ್ಟಿ ಹಿಡಿದು, ಸೇಫ್ಟಿ ಬಿಡಿಸಿ, ನಿಧಾನಕ್ಕೆ ಮುಂದಕ್ಕೆ ಜಾರಿಸಿದರೆ ಫ್ರೇಮ್ ಬೇರೆ, ಸ್ಲೈಡ್ ಬೇರೆ. ಸ್ಲೈಡನ್ನು ಮಗುಚಿ ಸ್ಪ್ರಿಂಗ್ ತೆಗೆದು, ಆಮೇಲೆ ನಳಿಗೆ ತೆಗೆಯುವುದು. ಸ್ಪ್ರಿಂಗ್ ಒತ್ತಡದಲ್ಲಿ ಇರ್ತದೆ, ಕಣ್ಣಿಗೆ ಹಾರೀತು. ವರ್ಕ್‌ಶಾಪಿನ ಕನ್ನಡಕ ಹಾಕಿಕೊಳ್ಳುವುದು ಒಳ್ಳೆಯದು. ಇದಕ್ಕಿಂತ ಜಾಸ್ತಿ ಬಿಚ್ಚುವುದು ಬಳಸುವವನ ಕೆಲಸ ಅಲ್ಲ, ಅದು ಆರ್ಮರರ್ ಕೆಲಸ.

ಬ್ರಷ್ಷನ್ನು ನಳಿಗೆಯ ಹಿಂದಿನಿಂದ ಹಾಕಿ ಮುಂದೆ ತೆಗೆಯಬೇಕು, ನಡುವೆ ತಿರುಗಿಸಿ ಎಳೆಯಬಾರದು. ಒಳಗೆ ಕೂತಿರುವ ಕಪ್ಪು ಮಸಿಯಲ್ಲಿ ಸೀಸ ಇರ್ತದೆ, ಹಾಗಾಗಿ ಊಟದ ಮೇಜಿನಲ್ಲಿ ಈ ಕೆಲಸ ಬೇಡ, ಮುಗಿದ ಮೇಲೆ ಸೋಪು ಹಾಕಿ ಕೈ ತೊಳೀಬೇಕು. ಎಣ್ಣೆ ತೆಳುವಾಗಿ ಸಾಕು, ಸುರಿಯುವುದಲ್ಲ. ನಮ್ಮಲ್ಲಿ ಯಾವುದಕ್ಕೆ ತುಕ್ಕು ಹಿಡಿದರೂ ಮೊದಲು ಕೈ ಹೋಗುವುದು ತೆಂಗಿನೆಣ್ಣೆಗೆ. ಅದು ಗಾಳಿಗೆ ದಿನ ಹೋದ ಹಾಗೆ ಅಂಟಾಗ್ತದೆ, ಚಳಿಯಲ್ಲಿ ಗಟ್ಟಿಯೂ ಆಗ್ತದೆ, ಕೋವಿಗೆ ಆಗುವುದಿಲ್ಲ. ಚರ್ಮದ ಹೋಲ್‌ಸ್ಟರಿನಲ್ಲಿ ತಿಂಗಳುಗಟ್ಟಲೆ ಇಡುವುದೂ ಬೇಡ. ಕರಾವಳಿಯ ಮಳೆಗಾಲದಲ್ಲಿ ಚರ್ಮ ನೀರು ಹೀರಿ ಕಬ್ಬಿಣಕ್ಕೆ ದಾಟಿಸ್ತದೆ.

ಇನ್ನು ನಮ್ಮೂರ ಕೋವಿಗೆ ಬರೋಣ. ಚುನಾವಣೆ ಬಂದಾಗ ಬೆಳೆ ರಕ್ಷಣೆಯ ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕಾಗ್ತದೆ. 2024ರಲ್ಲಿ ಮಾರ್ಚ್ 16ಕ್ಕೆ ನೀತಿ ಸಂಹಿತೆ ಬಂತು, ಉಡುಪಿಯಲ್ಲಿ ಮತದಾನ ಏಪ್ರಿಲ್ 26ಕ್ಕೆ, ಫಲಿತಾಂಶ ಜೂನ್ 4ಕ್ಕೆ. ಅಷ್ಟು ದಿನ ಠಾಣೆಯಲ್ಲಿ ಇದ್ದ ಕೋವಿ ಮನೆಗೆ ಬರುವ ಹೊತ್ತಿಗೆ ಮಳೆಗಾಲ ಬಾಗಿಲಲ್ಲಿ. ಬಂದ ಕೂಡಲೇ ಮಾಡುವ ಕೆಲಸ ಒರೆಸಿ ಎಣ್ಣೆ ಹಾಕುವುದು. ಠಾಣೆಯಿಂದ ಬಂದದ್ದು ಅಲ್ವಾ, ಖಾಲಿಯೇ ಇರ್ತದೆ ಅಂತ ಆಗ ಅನ್ನಿಸ್ತದೆ. ಯಾರ ಕೈಯಿಂದ ಬಂದರೂ ನೋಡಲೇಬೇಕು.

ತೋಟೆ ಕೋವಿಯಾದರೆ ಮಡಚಿ ತೆರೆದರೆ ಸಾಕು, ಹಿಂದಿನಿಂದ ಬೆಳಕು ಕಾಣ್ತದೆ. ಹಳೆಯ ಕೇಪಿನ ಕೋವಿಯ ಕಥೆ ಬೇರೆ ಮಾರಾಯ್ರೆ. ಅದಕ್ಕೆ ಮದ್ದು, ಚರೆ ಎಲ್ಲ ಬಾಯಿಯಿಂದ ಹಾಕಿ ಜಡಿಯುವುದು. ಹಿಂದಿನಿಂದ ತೆರೆಯಲು ಬರುವುದಿಲ್ಲ, ನೋಡಲು ಚೇಂಬರೇ ಇಲ್ಲ. ಕೇಪು ತೆಗೆದರೆ ಖಾಲಿ ಅಂತ ಹೇಳುವವರಿದ್ದಾರೆ, ಇದು ಪಿಸ್ತೂಲಿನ ಮ್ಯಾಗಜಿನ್ ಮಾತಿನದ್ದೇ ಇನ್ನೊಂದು ರೂಪ. ಈಡು ಒಳಗೇ ಕೂತಿರ್ತದೆ, ಒಂದು ಕಿಡಿ ಸಾಕು. ಇದಕ್ಕೆ ಹಳಬರು ಮಾಡುವ ಟೆಸ್ಟ್ ತುಂಬಾ ಸಿಂಪಲ್. ಕೇಪು ತೆಗೆದು, ಬಾಯಿಯ ನೇರಕ್ಕೆ ಮುಖ ತರದೆ, ಜಡಿಯುವ ಕಡ್ಡಿಯನ್ನು ನಳಿಗೆಗೆ ತಳ ಮುಟ್ಟುವ ತನಕ ಇಳಿಸಿ, ಬಾಯಿಯ ಮಟ್ಟಕ್ಕೆ ಉಗುರಿನಿಂದ ಗುರುತು ಹಿಡಿಯುವುದು. ಹೊರಗೆ ತೆಗೆದು ನಳಿಗೆಯ ಪಕ್ಕಕ್ಕೆ ಹಿಡಿದರೆ ಕಡ್ಡಿಯ ತುದಿ ಕೇಪು ಕೂರುವ ಜಾಗದ ಹತ್ತಿರ ಬರಬೇಕು. ನಾಲ್ಕು ಬೆರಳು ಮುಂದೆಯೇ ನಿಂತರೆ ಒಳಗೆ ಈಡು ಉಂಟು. ಆಗ ಎಣ್ಣೆ ಬಟ್ಟೆ ಕೆಳಗಿಟ್ಟು, ಅದನ್ನು ತೆಗೆಯಲು ಗೊತ್ತಿರುವವರನ್ನು ಕರೆಯಬೇಕು.