ಬನಶಂಕರಿಯ ಪರದೆ, ಬಾದಾಮಿಯ ಬಂಡೆ

ಬನದ ಹುಣ್ಣಿಮೆಗೆ ಚೊಳಚಗುಡ್ಡದ ಬನಶಂಕರಿ ಜಾತ್ರೆಗೆ ಹೋದವರು ತೇರು ನೋಡಿ ಹಾಗೇ ಮರಳುವುದು ಅಪರೂಪ. ರಾತ್ರಿ ನಾಟಕ ನೋಡಲೇಬೇಕು. ರಂಗದ ಹಿಂದೆ ಇಳಿಬಿಟ್ಟ ಪರದೆಯಲ್ಲಿ ಬೆಟ್ಟ, ಕಾಡು, ಅರಮನೆ. ನಡುಸಾಲಿನವನಿಗೆ ಅದು ಬೆಟ್ಟವೇ. ಪಕ್ಕದ ಮೂಲೆಯವನಿಗೆ ನೆರಿಗೆ ಬಿದ್ದ ಬಟ್ಟೆ.

ಮೊಬೈಲಿನ ಮೂರು ಆಯಾಮದ ನಕ್ಷೆಯಲ್ಲಿ ಇದೇ ಊರು ನೋಡಿದಾಗ ಆ ಮೂಲೆಯ ಕುರ್ಚಿ ನೆನಪಾಯಿತು. ಮೇಲಿನಿಂದ ಹೊಂಡ, ಗುಡಿ, ತೆಂಗಿನ ತೋಟ ಎಲ್ಲ ಸರಿ. ಸ್ವಲ್ಪ ವಾಲಿಸಿದ್ದೇ ತಡ, ದೀಪಸ್ತಂಭ ನೆಲಕ್ಕಂಟಿದ ಕಲೆಯಾಯಿತು. ಅತ್ತ ಬಾದಾಮಿಯ ಕೆಂಪು ಬಂಡೆಗಳ ಮೈಮೇಲೆ ಬಣ್ಣ ಉದ್ದುದ್ದ ಗೆರೆಯಾಗಿ ಸೋರಿತ್ತು.

ಇಲ್ಲಿಯೂ ನಡೆಯುವುದು ಪರದೆಯ ಕೆಲಸವೇ. ಮೊದಲು ನೆಲದ ಎತ್ತರಗಳ ಚೌಕುಳಿ, ಅದರ ಮೇಲೆ ಉಪಗ್ರಹ ಚಿತ್ರದ ಹೊದಿಕೆ. ಇಸ್ರೋ 2005ರ ಮೇ 5ರಂದು ಹಾರಿಸಿದ ಕಾರ್ಟೋಸ್ಯಾಟ್-1 ಇಂಥ ಎತ್ತರ ಅಳೆಯಲೆಂದೇ ಎರಡು ಕ್ಯಾಮೆರಾ ಹೊತ್ತಿತ್ತು: ಒಂದು 26 ಡಿಗ್ರಿ ಮುಂದಕ್ಕೆ, ಇನ್ನೊಂದು 5 ಡಿಗ್ರಿ ಹಿಂದಕ್ಕೆ ವಾಲಿತ್ತು. ನಮ್ಮ ಎರಡು ಕಣ್ಣಿನ ಹಾಗೆ, ಆದರೆ ಒಂದು ಕಣ್ಣು ತೆರೆದು ಸುಮಾರು 52 ಸೆಕೆಂಡಿಗೆ ಇನ್ನೊಂದು. ಬಂಡೆ ಅಷ್ಟು ಹೊತ್ತು ಕಾಯುತ್ತದೆ. ಮಲಪ್ರಭೆಯ ನೀರು ಕಾಯುವುದಿಲ್ಲ. ಎರಡೂ ಚಿತ್ರಗಳಲ್ಲಿ ಒಂದೇ ಬಿಂದು ಸಿಗದೆ ಗಣಕ ಊಹೆಗಿಳಿಯುತ್ತದೆ, ಸಮತಟ್ಟಾದ ನೀರಿನಲ್ಲಿ ದಿಬ್ಬ-ಗುಂಡಿ ಏಳುತ್ತವೆ. ಆಮೇಲೆ ಅದನ್ನು ಚಪ್ಪಟೆ ಮಾಡುವ ಕೆಲಸ ಬೇರೆ. ದಟ್ಟ ನೆರಳಿನಲ್ಲೂ ಇದೇ ಪಾಡು.

ಚಂದ್ರನಲ್ಲಿ ಹರಿಯುವ ನೀರಿಲ್ಲ, ನೆರಳಂತೂ ಧಾರಾಳ. 2008ರ ಚಂದ್ರಯಾನ-1ರ ಟೆರೇನ್ ಮ್ಯಾಪಿಂಗ್ ಕ್ಯಾಮೆರಾ ಮುಂದೆ, ಕೆಳಗೆ, ಹಿಂದೆ ಎಂದು ಮೂರು ನೋಟಗಳನ್ನು 5 ಮೀಟರ್ ಸೂಕ್ಷ್ಮತೆಯಲ್ಲಿ ಹಿಡಿಯುತ್ತಿತ್ತು. ಒಂದಕ್ಕೆ ಮರೆಯಾದದ್ದು ಇನ್ನೊಂದಕ್ಕೆ ಸಿಕ್ಕೀತು. ಬೆಳಕೇ ಬೀಳದ ಕುಳಿಯ ತಳ ಮಾತ್ರ ಮೂರಕ್ಕೂ ಕತ್ತಲೆ.

ಮಂಗಳನ ಪ್ರಸಿದ್ಧ ‘ಮುಖ’ದ ಕಥೆ ಇನ್ನೂ ಸ್ವಾರಸ್ಯ. 1976ರ ಜುಲೈ 25ರಂದು ವೈಕಿಂಗ್-1 ತೆಗೆದ ಆ ಚಿತ್ರದಲ್ಲಿ ಕಣ್ಣು-ಬಾಯಿ ಮೂಡಿಸಿದ್ದು ಓರೆಬಿಸಿಲಿನ ನೆರಳು. ಮೂಗಿನ ಹೊಳ್ಳೆ ಮಾತ್ರ ಮಂಗಳನದೇ ಅಲ್ಲ: ರೇಡಿಯೊ ಸಂಕೇತದಲ್ಲಿ ಕಳೆದುಹೋದ ಮಾಹಿತಿ ಬಿಟ್ಟ ಕಪ್ಪು ಚುಕ್ಕೆ. 2001ರಲ್ಲಿ ಮಾರ್ಸ್ ಗ್ಲೋಬಲ್ ಸರ್ವೇಯರ್ ಹತ್ತಿರದಿಂದ ನೋಡಿದಾಗ ಉಳಿದದ್ದು ಸವೆದ ಗುಡ್ಡ. ಶುಕ್ರನ ಚಿತ್ರಗಳಲ್ಲಿ ಕಳೆದದ್ದಲ್ಲ, ಕೂಡಿಸಿದ್ದು. ಮೆಜೆಲ್ಲನ್ ನೌಕೆಯ ಮಾಹಿತಿಯಿಂದ ಮಾಡಿದ ಮಾಟ್ ಮಾನ್ಸ್ ಜ್ವಾಲಾಮುಖಿಯ ಒಂದು ಚಿತ್ರದಲ್ಲಿ ಎತ್ತರವನ್ನು 10 ಪಟ್ಟು ಹಿಗ್ಗಿಸಲಾಗಿದೆ. ಅಡಿಬರಹ ಓದದವರ ಮನಸ್ಸಿನಲ್ಲಿ ಶುಕ್ರನ ತುಂಬ ಚೂಪು ಶಿಖರಗಳು. ನನಗಂತೂ ಇದು ನೆರಳಿನಾಟಕ್ಕಿಂತ ದೊಡ್ಡ ಮೋಸ.

ಬಾದಾಮಿಗೇ ಮರಳೋಣ. ಚೌಕುಳಿಯ ಮನೆ 30 ಮೀಟರಿನದಾದರೆ, 30 ಮೀಟರ್ ನೆಟ್ಟಗೆ ನಿಂತ ಬಂಡೆ 45 ಡಿಗ್ರಿಯ ಇಳಿಜಾರಾಗುತ್ತದೆ. ಸೈಕಲ್ ತಳ್ಳಿಕೊಂಡು ಹತ್ತಬಹುದೇನೋ ಅನ್ನಿಸುವಂತೆ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ: ಒಂದು ಜಾಗಕ್ಕೆ ಒಂದೇ ಎತ್ತರ ಎಂಬುದು ಈ ಲೆಕ್ಕದ ಕಟ್ಟುಪಾಡು. ಮೇಲೆ ಬಂಡೆ, ನಡುವೆ ಟೊಳ್ಳು, ಕೆಳಗೆ ನೆಲ ಎಂದರೆ ಅದಕ್ಕೆ ತಿಳಿಯದು. ಚಾಲುಕ್ಯ ಮಂಗಳೇಶ ಕೊರೆಸಿದ, 578ರ ಶಾಸನವಿರುವ ಇಲ್ಲಿನ ಮೇಣಬಸದಿಯ ಮೂರನೆಯ ಗುಹೆಯನ್ನು ಆ ನಕ್ಷೆಯಲ್ಲಿ ಹುಡುಕಿದೆ. ಬಂಡೆಗೆ ಇನ್ನೂ ಉಳಿ ತಾಗಿರಲಿಲ್ಲ.