ಸಂದೇಹವೂ ಸಾಧನೆಯ ಸೋಪಾನ

ನಮ್ಮ ಮನೆಗಳಲ್ಲಿ ಧರ್ಮದ ವಿಷಯವಾಗಿ ಎರಡು ಬಗೆಯ ಮಾತುಗಳಿರುತ್ತವೆ. ಪೂಜೆ, ಪರ್ವ, ಜಾತ್ರೆ, ಜಂಗಮಾರಾಧನೆ ಮುಂತಾದವುಗಳನ್ನು ಕುರಿತು ಎಲ್ಲರೆದುರು ಆಡುವ ಮಾತು ಒಂದು. ಯಾರ ಮುಂದೆಯೂ ಆಡಲಾಗದೆ ಎದೆಯೊಳಗೇ ಉಳಿದುಹೋಗುವ ಮಾತು ಇನ್ನೊಂದು. ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿ ನೆಟ್ಟು ಕುಳಿತರೂ ಮನಸ್ಸೇಕೆ ನಿಲ್ಲುವುದಿಲ್ಲ? ನೇಮನಿಷ್ಠೆಯಿಂದ ಬಾಳಿದವರ ಮನೆಗೇ ಅಕಾಲಮರಣವೇಕೆ ಬರುತ್ತದೆ? ಸಮಾನತೆಯನ್ನು ಸಾರಿದ ಬಸವಣ್ಣನವರ ಅನುಯಾಯಿಗಳೆನಿಸಿಕೊಂಡವರು ಮಕ್ಕಳ ಲಗ್ನದ ಮಾತು ಬಂದಾಗ ಒಳಪಂಗಡವನ್ನೇಕೆ ವಿಚಾರಿಸುತ್ತಾರೆ? ಇಂಥ ಪ್ರಶ್ನೆಗಳು ಹುಟ್ಟದ ಮನೆಯಿಲ್ಲ. ಅವುಗಳನ್ನು ಬಾಯಿಬಿಟ್ಟು ಕೇಳಲು ಆಸ್ಪದವಿರುವ ಮನೆಗಳು ಮಾತ್ರ ವಿರಳ.

ಕಾಲೇಜಿಗೆ ಹೋಗುವ ಮಗನೋ ಮಗಳೋ ಹಾಗೆ ಕೇಳಿದರೆ, "ಹಿರಿಯರು ನಡೆಸಿಕೊಂಡು ಬಂದದ್ದು, ಸುಮ್ಮನೆ ಮಾಡು" ಎಂಬ ಉತ್ತರ ದೊರೆಯುತ್ತದೆ. ಮಕ್ಕಳು ಸುಮ್ಮನಾಗುತ್ತಾರೆ. ಆ ಮೌನವನ್ನು ತಂದೆತಾಯಿಗಳು ಒಪ್ಪಿಗೆಯೆಂದು ಭಾವಿಸುತ್ತಾರೆ. ಕೆಲವು ವರ್ಷಗಳ ತರುವಾಯ ಮಕ್ಕಳು ದೂರದ ಊರಿಗೆ ನೌಕರಿಗೆಂದು ಹೋದ ಮೇಲೆ, ಕೊರಳಿನ ಕರಡಿಗೆ ಪೆಟ್ಟಿಗೆಯ ತಳ ಸೇರಿರುವುದು ತಿಳಿಯುತ್ತದೆ. ಆಗ "ಕಾಲ ಕೆಟ್ಟಿತು" ಎಂಬ ನಿಟ್ಟುಸಿರು ಹೊರಡುತ್ತದೆ. ಕೆಟ್ಟದ್ದು ಕಾಲವೋ ಅಥವಾ ಅಂದು ಕೊಟ್ಟ ಉತ್ತರವೋ ಎಂಬುದನ್ನು ಪರಾಮರ್ಶಿಸುವುದು ಅವಶ್ಯವಾಗಿದೆ.

ಈ ಪರಾಮರ್ಶೆಗೆ ಉತ್ತರ ಕನ್ನಡದ ಕಡಲತೀರವು ಎರಡು ನಿದರ್ಶನಗಳನ್ನು ಒದಗಿಸುತ್ತದೆ. ಒಂದು ಕಾರವಾರದ್ದು, ನೂರ ನಲವತ್ತು ವರ್ಷಗಳಿಗೂ ಹಿಂದಿನದು. ಇನ್ನೊಂದು ಅಂಕೋಲಾ ತಾಲೂಕಿನದು, ಇತ್ತೀಚಿನದು.

ಕಾರವಾರದಲ್ಲಿ ಹುಟ್ಟಿದ ಪ್ರಶ್ನೆ

1883ರಲ್ಲಿ ಕಾರವಾರವು ಮುಂಬಯಿ ಪ್ರಾಂತಕ್ಕೆ ಸೇರಿದ ಜಿಲ್ಲೆಯ ಮುಖ್ಯ ಪಟ್ಟಣವಾಗಿತ್ತು. ಭಾರತೀಯರಲ್ಲಿ ಮೊದಲಿಗರಾಗಿ ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ಉತ್ತೀರ್ಣರಾಗಿದ್ದ ಸತ್ಯೇಂದ್ರನಾಥ ಠಾಕೂರರು ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಅಣ್ಣನ ಮನೆಗೆಂದು ಬಂದ ಕಿರಿಯ ಸಹೋದರನಿಗೆ ಆಗ 22 ವರ್ಷ. ಆ ತರುಣನೇ ರವೀಂದ್ರನಾಥ ಠಾಕೂರ. ಇಂದು ಕಾರವಾರದ ಕಡಲತೀರವನ್ನು ಕರೆಯುವುದು ಅವರ ಹೆಸರಿನಿಂದಲೇ.

ರವೀಂದ್ರರ ತಂದೆ ಮಹರ್ಷಿ ದೇವೇಂದ್ರನಾಥರು ಬ್ರಹ್ಮಸಮಾಜದ ಧುರೀಣರು. ಮನೆಯಲ್ಲಿ ಉಪಾಸನೆ, ಪ್ರಾರ್ಥನೆಗಳಿಗೆ ಕೊರತೆಯಿರಲಿಲ್ಲ. ಆದರೂ ಆ ವಯಸ್ಸಿನಲ್ಲಿ ಮನೆಯ ಧರ್ಮಾಚರಣೆಯನ್ನು ತಾವು ತಮ್ಮದೆಂದು ಸ್ವೀಕರಿಸಿರಲಿಲ್ಲವೆಂದು ಅವರು 1912ರಲ್ಲಿ ಪ್ರಕಟವಾದ 'ಜೀವನಸ್ಮೃತಿ'ಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಮಹರ್ಷಿಗಳ ಮಗನೇ ಹೀಗೆ ಬರೆಯುವುದು ಸಣ್ಣ ಮಾತಲ್ಲ. ತಂದೆಯ ಶ್ರದ್ಧೆ ಮಗನಿಗೆ ಆಸ್ತಿಯಂತೆ ತಾನಾಗಿ ಬರುವುದಿಲ್ಲ, ಅದನ್ನು ಮಗನು ತನ್ನ ಅನುಭವದಿಂದಲೇ ಗಳಿಸಬೇಕು ಎಂಬ ಸತ್ಯ ಅದರಲ್ಲಿ ಅಡಗಿದೆ.

ಅದೇ ಪುಸ್ತಕದಲ್ಲಿ ಕಾರವಾರದ ಅರ್ಧಚಂದ್ರಾಕಾರದ ತೀರ, ಗಾಳಿಮರಗಳ ಸಾಲು, ಬೆಳದಿಂಗಳ ರಾತ್ರಿ ಕಾಳಿನದಿಯಲ್ಲಿ ಮಾಡಿದ ದೋಣಿಯ ಪ್ರಯಾಣ, ಮರಳಿನ ಮೇಲೆ ನಡೆದುಕೊಂಡು ಮನೆಗೆ ಮರಳಿದ್ದು, ಎಲ್ಲವೂ ವರ್ಣಿತವಾಗಿವೆ. ಈ ವಾಸ್ತವ್ಯದಲ್ಲಿಯೇ ಅವರು 'ಪ್ರಕೃತಿರ್ ಪ್ರತಿಶೋಧ್' ಎಂಬ ನಾಟ್ಯಕಾವ್ಯವನ್ನು ರಚಿಸಿದರು. ಅದು 1884ರಲ್ಲಿ ಪ್ರಕಟವಾಯಿತು.

ಅದರ ಕಥೆ ಸರಳವಾದುದು. ಒಬ್ಬ ಸನ್ಯಾಸಿ ಗುಹೆಯಲ್ಲಿ ಕುಳಿತು ಸ್ನೇಹ, ಮಮತೆಗಳನ್ನೆಲ್ಲ ಕಡಿದುಕೊಂಡು, ಪ್ರಕೃತಿಯನ್ನು ಗೆದ್ದೆನೆಂದು ಬಗೆದು ಊರಿಗೆ ಬರುತ್ತಾನೆ. ಎಲ್ಲರೂ ಮುಟ್ಟಲು ಹೇಸಿ ದೂರವಿರಿಸಿದ ಅನಾಥ ಬಾಲೆಯೊಬ್ಬಳು ಅವನ ಆಶ್ರಯ ಬೇಡುತ್ತಾಳೆ. ಮಗುವಿನ ಪ್ರೀತಿ ಅವನನ್ನು ಕಟ್ಟಿಹಾಕತೊಡಗುತ್ತದೆ. ತನ್ನ ಸಾಧನೆ ಕೆಡುವುದೆಂಬ ಭಯದಿಂದ ಅವನು ಅವಳನ್ನು ತೊರೆದು ಓಡುತ್ತಾನೆ. ಆಮೇಲೆ ಒಳಗಿನ ಹೋರಾಟದಲ್ಲಿ ಸೋತು, ಅನಂತವನ್ನು ಈ ಸಣ್ಣ ಬಾಳಿನ ಪ್ರೀತಿಯಲ್ಲಿಯೇ ಕಾಣಬೇಕೆಂದು ಅರಿತು ಹಿಂತಿರುಗುತ್ತಾನೆ. ಅಷ್ಟರಲ್ಲಿ ಆ ಬಾಲೆ ಅಸುನೀಗಿರುತ್ತಾಳೆ.

ಸನ್ಯಾಸಿಯ ತಪ್ಪು ಸಂದೇಹಪಟ್ಟದ್ದರಲ್ಲಿಲ್ಲ. ಮಗುವಿನ ಮುಖ ಕಂಡಾಗ ಅವನಲ್ಲಿ ಎದ್ದ ಸಂದೇಹವು ನಿಜವಾದುದೇ ಆಗಿತ್ತು. ಅದನ್ನು ಎದುರಿಸಿ ವಿಚಾರಿಸದೆ ಅದರಿಂದ ಓಡಿದ್ದೇ ತಪ್ಪಾಯಿತು. ಓಡಿದ ಆ ಕೆಲವು ದಿನಗಳಿಗೆ ಒಂದು ಜೀವದ ಬೆಲೆ ತೆರಬೇಕಾಯಿತು. ಸೀಮಿತದೊಳಗೆ ಅಸೀಮವನ್ನು ಕಾಣುವ ಆನಂದ ಎಂಬ ಈ ವಿಚಾರವೇ ತಮ್ಮ ಮುಂದಿನ ಸಮಸ್ತ ಬರವಣಿಗೆಗೂ ಪೀಠಿಕೆಯಂತಾಯಿತೆಂದು ರವೀಂದ್ರರು ಹೇಳಿರುವುದು ಗಮನಾರ್ಹ.

ಶರಣರಿಗೆ ಹೊಸದಲ್ಲದ ಮಾತು

ಸಂಸಾರವನ್ನು ತೊರೆಯದೆ, ಕಾಯಕ ದಾಸೋಹಗಳಲ್ಲಿಯೇ ಶಿವನನ್ನು ಕಾಣಬೇಕೆಂಬುದು ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮೊಳಗಿದ ಮಾತು. 1883ರಲ್ಲಿ ರವೀಂದ್ರರು ಅದನ್ನು ಓದಿರುವ ಸಂಭವವಿರಲಿಲ್ಲ. ವಚನಗಳು ಬಹುಮಟ್ಟಿಗೆ ಆಗಿನ್ನೂ ಮಠಮನೆಗಳ ತಾಡವೋಲೆಗಳಲ್ಲಿಯೇ ಇದ್ದವು. ಡಾ. ಫ. ಗು. ಹಳಕಟ್ಟಿಯವರ 'ವಚನಶಾಸ್ತ್ರಸಾರ' ಬೆಳಕು ಕಂಡದ್ದು 1923ರಲ್ಲಿ. ಬಂಗಾಲದ ತರುಣನೊಬ್ಬನು ಕನ್ನಡದ ಕರಾವಳಿಯಲ್ಲಿ ಕುಳಿತು, ತನ್ನದೇ ಪ್ರಶ್ನೆಯ ಬೆನ್ನುಹತ್ತಿ, ಶರಣರು ತಲುಪಿದ ಠಾವಿನ ಸಮೀಪಕ್ಕೆ ಬಂದನು. ಪ್ರಾಮಾಣಿಕವಾಗಿ ಕೇಳಿದವನಿಗೆ ದಾರಿ ಎಲ್ಲಿಯಾದರೂ ತೆರೆಯುವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ.

ಆದರೆ ಅರಿವು ಒಮ್ಮೆ ದೊರೆತರೆ ಮುಗಿಯಿತೆಂದಲ್ಲ. ಮರುವರ್ಷವೇ, 1884ರ ಏಪ್ರಿಲ್ ತಿಂಗಳಲ್ಲಿ, ರವೀಂದ್ರರಿಗೆ ಅತ್ಯಂತ ಆಪ್ತರಾಗಿದ್ದ ಅತ್ತಿಗೆ ಕಾದಂಬರಿದೇವಿಯವರು ಅಕಾಲದಲ್ಲಿ ತೀರಿಕೊಂಡರು. ಗಿಡಮರ, ನೆಲ, ಸೂರ್ಯ, ಚಂದ್ರ ಎಲ್ಲವೂ ಮೊದಲಿದ್ದಂತೆಯೇ ಇರುವಾಗ, ಅವುಗಳಷ್ಟೇ ನಿಜವಾಗಿದ್ದ ಜೀವವೊಂದು ಇಲ್ಲವಾಗುವುದು ಹೇಗೆ ಎಂದು ತತ್ತರಿಸಿದ ಬಗೆಯನ್ನು ಅವರು ಬರೆದಿದ್ದಾರೆ. ಕಡಲತೀರದಲ್ಲಿ ಕಂಡುಕೊಂಡ ನಂಬಿಕೆಯು ಮನೆಯ ಸಾವಿನೆದುರು ಮತ್ತೊಮ್ಮೆ ಪರೀಕ್ಷೆಗೆ ನಿಲ್ಲಬೇಕಾಯಿತು. ಅಂಥ ಪರೀಕ್ಷೆ ಎಲ್ಲರ ಬಾಳಿನಲ್ಲೂ ಬರುತ್ತದೆ.

ಶಿರೂರಿನ ಗುಡ್ಡ

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ, ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡವೇ ಕುಸಿದುಬಿತ್ತು. ಹೆದ್ದಾರಿಯ ಬದಿಗೆ ಚಹಾದಂಗಡಿ ನಡೆಸಿ ದುಡಿದುಣ್ಣುತ್ತಿದ್ದ ಒಂದು ಸಂಸಾರ ಮಕ್ಕಳ ಸಮೇತ ಮಣ್ಣುಪಾಲಾಯಿತು. ದಾರಿಯಲ್ಲಿ ವಾಹನ ನಿಲ್ಲಿಸಿದ್ದ ಚಾಲಕರು ಬಲಿಯಾದರು. ಮಣ್ಣು ಗಂಗಾವಳಿ ನದಿಗೆ ನುಗ್ಗಿದ ರಭಸಕ್ಕೆ ನೀರು ಉಕ್ಕಿ, ಆಚೆ ದಡದ ಉಳುವರೆಯ ಮನೆಗಳಿಗೂ ಅಪ್ಪಳಿಸಿತು. ಕೇರಳದ ಲಾರಿ ಚಾಲಕನೊಬ್ಬನ ದೇಹವು ನದಿಯ ತಳದಲ್ಲಿ ದೊರೆತದ್ದು ಎರಡು ತಿಂಗಳಿಗೂ ಹೆಚ್ಚು ಕಾಲದ ನಂತರ, ಸೆಪ್ಟೆಂಬರ್ 25ರಂದು. ಅಲ್ಲಿಯವರೆಗೂ ಅವನ ಮನೆಯವರು ದಾರಿ ಕಾಯುತ್ತಲೇ ಇದ್ದರು.

ಇಂಥ ಹೊತ್ತಿನಲ್ಲಿ "ಎಲ್ಲವೂ ದೈವೇಚ್ಛೆ", "ಅವರ ಪ್ರಾರಬ್ಧ" ಎಂಬ ಮಾತುಗಳು ತಾವಾಗಿ ನಾಲಗೆಗೆ ಬರುತ್ತವೆ. ಸಮಾಧಾನ ಹೇಳುವ ಸದುದ್ದೇಶದಿಂದಲೇ ಅವು ಬರುತ್ತವೆ, ನಿಜ. ಆದರೂ ಆ ಮಾತನ್ನು ಒಮ್ಮೆ ಒರೆಗೆ ಹಚ್ಚಿ ನೋಡಬೇಕು. ಧೋ ಎಂದು ಸುರಿದ ಮಳೆಯೊಂದಿಗೆ, ರಸ್ತೆಯ ಅಗಲೀಕರಣಕ್ಕಾಗಿ ಗುಡ್ಡವನ್ನು ಕಡಿದಾಗಿ ಕತ್ತರಿಸಿದ್ದೂ ಆ ಕುಸಿತಕ್ಕೆ ಕಾರಣವಾಯಿತು. ಮನುಷ್ಯನ ಕೈಯ ಕೆಲಸವನ್ನು ದೇವರ ಲೆಕ್ಕಕ್ಕೆ ಬರೆದರೆ, ದೇವರ ಮೇಲೆ ಅಪವಾದ ಬರುತ್ತದೆ, ಮನುಷ್ಯನ ಹೊಣೆ ಮಾತ್ರ ಮಾಯವಾಗುತ್ತದೆ. ಚಹಾ ಮಾರುತ್ತಿದ್ದವರ ಎಳೆಯ ಮಕ್ಕಳು ಯಾವ ಪಾಪ ಮಾಡಿದ್ದರು ಎಂಬ ಪ್ರಶ್ನೆ ಕೇಳಿದವನನ್ನು ನಾಸ್ತಿಕನೆಂದು ಜರೆಯಬೇಕಾಗಿಲ್ಲ. ಅವನ ಪ್ರಶ್ನೆಯಲ್ಲಿ ಕರುಣೆಯಿದೆ, ನ್ಯಾಯದ ಹಸಿವಿದೆ. ದಯೆಯನ್ನೇ ಧರ್ಮದ ಬೇರೆಂದು ಬಗೆದ ಪರಂಪರೆಯವರು ಅಂಥ ಪ್ರಶ್ನೆಗೆ ಹೆದರಲಾಗದು.

ಇಷ್ಟಾದರೂ ಕಾರಣಗಳ ವಿವರಣೆಯಿಂದ ದುಃಖ ಆರುವುದಿಲ್ಲ. ಗುಡ್ಡ ಏಕೆ ಕುಸಿಯಿತೆಂದು ಭೂವಿಜ್ಞಾನ ಹೇಳೀತು. ನನ್ನ ಮನೆಯವರೇ ಆ ಗಳಿಗೆಯಲ್ಲಿ ಅಲ್ಲಿ ಏಕಿದ್ದರು ಎಂಬ ಕೊರಗಿಗೆ ಅದರಲ್ಲಿ ಉತ್ತರವಿಲ್ಲ. ಅಲ್ಲಿ ಬೇಕಾಗುವುದು ಸಂಗಡ ಕುಳಿತು ಆ ಪ್ರಶ್ನೆಯನ್ನು ಕೊನೆಯವರೆಗೂ ಕೇಳಿಸಿಕೊಳ್ಳುವ ಒಬ್ಬ ಆಪ್ತ ಜೀವ.

ಮುಕ್ತಾಯಕ್ಕನ ಧೈರ್ಯ

ಈ ಸಂದರ್ಭದಲ್ಲಿ ಶರಣೆ ಮುಕ್ತಾಯಕ್ಕನ ನೆನಪಾಗುತ್ತದೆ. ಅಜಗಣ್ಣನು ಅವಳಿಗೆ ಅಣ್ಣನೂ ಹೌದು, ಅರಿವು ತೋರಿದ ಗುರುವೂ ಹೌದು. ಅವನು ಹಠಾತ್ತನೆ ಲಿಂಗೈಕ್ಯನಾದಾಗ ಅವಳು ದುಃಖದಿಂದ ಕಂಗೆಟ್ಟಳು. ಅಲ್ಲಿಗೆ ಬಂದವರು ಅಲ್ಲಮಪ್ರಭುಗಳು. ಶರಣನಿಗೆ ಮರಣವೆಲ್ಲಿಯದು, ಅಳುವುದೇತಕ್ಕೆ ಎಂಬಂತೆ ಪ್ರಭುಗಳು ಬೋಧಿಸಿದಾಗ ಮುಕ್ತಾಯಕ್ಕ ಕೈಮುಗಿದು ಒಪ್ಪಿಬಿಡಲಿಲ್ಲ. ಮಾತಿನಲ್ಲಿ ಹೇಳಿ ತೀರಿಸುವಂಥದ್ದು ಅರಿವಲ್ಲ, ಹಾಗೆ ನುಡಿಯುವ ನೀನಾದರೂ ಪೂರ್ಣವಾಗಿ ಕಡೆಗಂಡಿರುವೆಯೋ ಎಂಬ ಧಾಟಿಯಲ್ಲಿ ಪ್ರಭುಗಳನ್ನೇ ಮರುಪ್ರಶ್ನಿಸಿದಳು. ಸಂವಾದ ಬಹುದೂರ ಸಾಗಿತು. ಪ್ರಭುಗಳು ಸಿಟ್ಟಾಗಲಿಲ್ಲ, ಎದ್ದು ಹೋಗಲಿಲ್ಲ. ಆ ಸಂವಾದದ ಕಡೆಯಲ್ಲಿ ಅವಳ ಶೋಕವೇ ಅರಿವಾಗಿ ಪರಿಣಮಿಸಿತು.

ಈ ಸಂವಾದವನ್ನು ನಮಗಾಗಿ ಉಳಿಸಿಕೊಟ್ಟದ್ದು 'ಶೂನ್ಯಸಂಪಾದನೆ'. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಶರಣರ ವಚನಗಳನ್ನು ಸಂವಾದರೂಪದಲ್ಲಿ ಜೋಡಿಸಿ ಅದನ್ನು ಸಂಕಲಿಸಿದರು. ಅವರ ತರುವಾಯ ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರ ಸಿದ್ಧವೀರಣ್ಣೊಡೆಯರು ಅದನ್ನು ಪರಿಷ್ಕರಿಸಿದರು. ಕೇವಲ ವಿಧಿನಿಷೇಧಗಳ ಪಟ್ಟಿಯನ್ನು ಬರೆದಿಡಲು ಆ ಹಿರಿಯರಿಗೆ ಅಡ್ಡಿಯೇನೂ ಇರಲಿಲ್ಲ. ಆದರೂ ಅವರು ಪ್ರಶ್ನೆ ಮತ್ತು ಉತ್ತರ, ಆಕ್ಷೇಪ ಮತ್ತು ಸಮಾಧಾನಗಳ ಕ್ರಮವನ್ನೇ ಆರಿಸಿಕೊಂಡರು. ಅಕ್ಕಮಹಾದೇವಿ ಅನುಭವ ಮಂಟಪದಲ್ಲಿ ಎದುರಿಸಿದ ಕಠಿಣ ಪ್ರಶ್ನೆಗಳನ್ನು ಮರೆಮಾಚಲಿಲ್ಲ. ಕೆರೆ ಗುಡಿಗಳನ್ನು ಕಟ್ಟಿಸುತ್ತಿದ್ದ ಸೊನ್ನಲಿಗೆಯ ಸಿದ್ಧರಾಮನಿಗೆ ಪ್ರಭುಗಳ ಮಾತು ಕೇಳಿ ಮೊದಲು ಕೋಪ ಬಂದುದನ್ನೂ ಬಿಡಲಿಲ್ಲ. ಕೋಪವೂ ಸಂಶಯವೂ ಸಾಧಕನ ದಾರಿಯಲ್ಲಿ ಬರತಕ್ಕವೇ ಎಂಬ ಅವರ ತಿಳಿವು ಇದರಿಂದ ವ್ಯಕ್ತವಾಗುತ್ತದೆ. ಬಸವಣ್ಣನವರಂತೂ ತಮ್ಮ ಮನಸ್ಸಿನ ಚಾಂಚಲ್ಯವನ್ನು ವಚನಗಳಲ್ಲಿ ತಾವೇ ಬಿಚ್ಚಿಟ್ಟವರು.

ಮನೆಯೇ ಮಂಟಪವಾಗಲಿ

ಅನುಭವ ಮಂಟಪವೆಂದರೆ ಎಲ್ಲರ ನೆನಪಿಗೂ ಬರುವುದು ಕಲ್ಯಾಣ. ಆದರೆ ಆಯ್ದಕ್ಕಿ ಲಕ್ಕಮ್ಮನ ಗುಡಿಸಲೂ ಒಂದು ಮಂಟಪವೇ ಆಗಿತ್ತು. ಗಂಡ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಈ ಆಸೆ ನಿಮಗೇಕೆ ಬಂತೆಂದು ಲಕ್ಕಮ್ಮ ಕೇಳಿದಳು, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಮಾಡಿದಳು. ಮಾರಯ್ಯನು ಅದನ್ನು ಅವಮಾನವೆಂದು ತಿಳಿಯಲಿಲ್ಲ. ಹೆಂಡತಿಯ ಪ್ರಶ್ನೆಯಿಂದ ಗಂಡನು ಬೆಳೆದನು. ಗೃಹಸ್ಥರ ಅಧ್ಯಾತ್ಮವೆಂದರೆ ಇದೇ.

ಇಂದಿನ ಕುಟುಂಬಗಳು ಕೈಗೊಳ್ಳಬಹುದಾದ ಕ್ರಮವೂ ಕಠಿಣವೇನಲ್ಲ. ವಾರದಲ್ಲಿ ಒಂದು ಸಂಜೆ, ಪೂಜೆ ಪ್ರಸಾದಗಳ ನಂತರ, ದೂರದರ್ಶನವನ್ನೂ ಮೊಬೈಲನ್ನೂ ಬದಿಗಿರಿಸಿ ಎಲ್ಲರೂ ಒಟ್ಟಿಗೆ ಕುಳಿತುಕೊಳ್ಳಲಿ. ಒಂದು ವಚನವನ್ನು ಓದಿ, ಮೊದಲ ಮಾತಿಗೆ ಮನೆಯ ಕಿರಿಯರಿಗೆ ಅವಕಾಶ ಕೊಡಲಿ. ತಿಳಿಯದ್ದನ್ನು "ನನಗೂ ತಿಳಿಯದು, ಕೂಡಿ ವಿಚಾರಿಸೋಣ" ಎಂದು ಹೇಳಲು ಹಿರಿಯರು ಸಂಕೋಚಪಡದಿರಲಿ. ಅಂಥ ಒಂದು ಮಾತಿನಿಂದ ತಂದೆಯ ಗೌರವ ಕುಂದುವುದಿಲ್ಲ. ಮಗನು ಮುಂದೆಯೂ ಅವನಲ್ಲಿಗೇ ಪ್ರಶ್ನೆ ತರುವಂತಾಗುತ್ತದೆ. ಒಳಪಂಗಡದ ಬಗ್ಗೆ ಮಗಳು ಕೇಳಿದಾಗ ಮಾತಿನ ಉತ್ತರ ಸಾಲದು, ಸಂಬಂಧ ನೋಡುವ ದಿನ ನಡೆಯಲ್ಲಿಯೇ ಉತ್ತರ ಕೊಡಬೇಕಾಗುತ್ತದೆ. ಸಾವು ಸಂಭವಿಸಿದ ಮನೆಗೆ ಹೋದಾಗ ತತ್ತ್ವಬೋಧೆಯನ್ನು ತಡೆಹಿಡಿದು, ದುಃಖಿತರ ಮಾತಿಗೆ ಮೊದಲು ಕಿವಿಗೊಡುವುದು ಲೇಸು.

ಸಂದೇಹದಲ್ಲಿಯೂ ಎರಡು ವಿಧಗಳಿವೆಯೆಂಬುದನ್ನು ಕಿರಿಯರೂ ಮರೆಯಬಾರದು. ಇನ್ನೊಬ್ಬರ ನಂಬಿಕೆಯನ್ನು ನಗೆಗೀಡು ಮಾಡಲೆಂದೇ ಆಡುವ ಮಾತು ಕುಹಕ. ತಿಳಿಯಬೇಕೆಂಬ ಹಂಬಲದಿಂದ ಕೇಳುವುದು ಜಿಜ್ಞಾಸೆ. ಜಿಜ್ಞಾಸುವು ಉತ್ತರ ಕೇಳಲು ಕುಳಿತುಕೊಳ್ಳುತ್ತಾನೆ, ದೊರೆತ ಉತ್ತರದಂತೆ ಕೆಲಕಾಲ ನಡೆದು ನೋಡುತ್ತಾನೆ. ಪೂಜೆಯಲ್ಲಿ ಮನಸ್ಸು ನಿಲ್ಲದೆಂಬ ಕಾರಣಕ್ಕೆ ಪೂಜೆಯನ್ನೇ ಬಿಟ್ಟವನಿಗೆ ಮನಸ್ಸು ನಿಂತೀತೇ ಇಲ್ಲವೇ ಎಂಬುದು ಎಂದೂ ತಿಳಿಯುವುದಿಲ್ಲ.

ಹಿರಿಯರಲ್ಲಿ ಕೇಳಿಸಿಕೊಳ್ಳುವ ತಾಳ್ಮೆಯೂ ಕಿರಿಯರಲ್ಲಿ ಕಾಯುವ ತಾಳ್ಮೆಯೂ ಕೂಡಿದಲ್ಲಿ, ಎದೆಯೊಳಗೆ ಹುದುಗಿದ ಮಾತು ಹೊರಬರುತ್ತದೆ. ಹೊರಬಂದ ಸಂದೇಹವು ವಿಚಾರವಾಗಿ, ವಿಚಾರವು ಆಚಾರವಾಗಿ ಮಾಗುತ್ತದೆ. ನಮ್ಮ ಮನೆಗಳಲ್ಲಿ ಅಂಥ ಸಂಜೆಗಳು ಹೆಚ್ಚಲಿ.