ಮನೆಗೆ ಎಷ್ಟು ವ್ಯಾಟ್ ಸಾಕು?



ಈ ವರ್ಷದ ಮೊದಲ ಕಿರುಪರೀಕ್ಷೆ ಮುಗಿದ ಮರುದಿನ ದ್ವಿತೀಯ ಪಿಯುಸಿಯ ಒಬ್ಬ ಹುಡುಗ ಪ್ರಯೋಗಾಲಯದ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದ. "ಸರ್, ಐವತ್ತು ವ್ಯಾಟಿನ ಟ್ಯೂಬ್ ಆಂಪ್ಲಿಫೈಯರ್. ಸೆಕೆಂಡ್ ಹ್ಯಾಂಡ್. ಅಬ್ಬಾ ದುಡ್ಡು ಕೊಡ್ತೀನಿ ಅಂದಿದ್ದಾರೆ. ಮನೇಲಿ ಗಿಟಾರ್ ನುಡಿಸೋಕೆ ತಗೊಳ್ಲಾ?" ಎಂದ. ನಾನು "ಬೇಡ" ಎಂದೆ. ಅವನ ಮುಖ ಸಣ್ಣದಾಯಿತು. "ಯಾಕೆ ಸರ್?" ಎನ್ನುವಷ್ಟರಲ್ಲಿ ಬೆಲ್ ಹೊಡೆಯಿತು.

ಆ "ಯಾಕೆ"ಗೆ ಉತ್ತರವೇ ಈ ಲೇಖನ. ಗಿಟಾರ್ ಮುಟ್ಟದವರೂ ಓದಬಹುದು. ಇದರಲ್ಲಿ ಬರುವ ಲಾಗರಿದಮ್, ಕೆಪಾಸಿಟರ್, ಟ್ರಾನ್ಸ್‌ಫಾರ್ಮರ್ ಎಲ್ಲವೂ ನೀವು ಪರೀಕ್ಷೆಗೆ ಓದುವ ವಿಷಯಗಳೇ.

ನಾನು ಮಾಡಿದ ತಪ್ಪು

ನನಗೂ ಒಂದು ಕಾಲದಲ್ಲಿ ಇದೇ ಹುಚ್ಚಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ದಾವಣಗೆರೆಯಲ್ಲಿ ಒಂದು ಮನೆಯ ಮಹಡಿ ಮೇಲೆ ಬಾಡಿಗೆಗಿದ್ದೆ. ಹತ್ತು ತಿಂಗಳು ಸಂಬಳದಲ್ಲಿ ಉಳಿಸಿ, ಬೆಂಗಳೂರಿಗೆ ಹೋಗಿ, ಒಬ್ಬರಿಂದ ಮೂವತ್ತು ವ್ಯಾಟಿನ ಹಳೆಯ ಟ್ಯೂಬ್ ಆಂಪ್ ಕೊಂಡೆ. ಅವರ ದೊಡ್ಡ ಹಾಲಿನಲ್ಲಿ ಅದರ ಧ್ವನಿ ಕೇಳಿ ಮರುಳಾಗಿದ್ದೆ. ರಾತ್ರಿ ಬಸ್ಸಿನಲ್ಲಿ ಊರಿಗೆ ತಂದು, ಬೆಳಗ್ಗೆ ಕೋಣೆಯಲ್ಲಿ ಆನ್ ಮಾಡಿದೆ. ವಾಲ್ಯೂಮ್ ಒಂದರಲ್ಲಿಟ್ಟರೆ ತಗಡಿನ ಡಬ್ಬಿಯ ಸದ್ದು. ಮೂರಕ್ಕೆ ತಿರುಗಿಸಿದರೆ ಕಿಟಕಿಯ ಗಾಜು ನಡುಗಿತು. ಹಾಲಿನಲ್ಲಿ ಕೇಳಿದ ಆ ಧ್ವನಿ ಎಲ್ಲೂ ಸಿಗಲಿಲ್ಲ.

ಒಂದು ಸಂಜೆ ಕೆಳಗಿನವರೆಲ್ಲ ಮದುವೆಗೆ ಹೋಗಿದ್ದರು. ಧೈರ್ಯ ಮಾಡಿ ಐದಕ್ಕೆ ತಿರುಗಿಸಿ ಒಂದು ಗಂಟೆ ನುಡಿಸಿದೆ. ಆ ಗಂಟೆಯ ಖುಷಿ ಇನ್ನೂ ನೆನಪಿದೆ. ಆದರೆ ಮಲಗಿದಾಗ ಎರಡೂ ಕಿವಿಯಲ್ಲಿ "ಗುಂಯ್" ಎನ್ನುವ ಸದ್ದು. ಮರುದಿನ ತರಗತಿಯಲ್ಲಿ ಮುಂದಿನ ಬೆಂಚಿನ ಹುಡುಗಿ ಕೇಳಿದ ಪ್ರಶ್ನೆ ಎರಡು ಸಲ ಕೇಳಿಸಿಕೊಂಡರೂ ಅರ್ಥವಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸದ್ದು ನಿಂತಿತು. ಹೆದರಿಕೆ ನಿಲ್ಲಲಿಲ್ಲ.

ಕೆಲವು ವಾರಗಳ ನಂತರ ಮನೆಯ ಮಾಲೀಕರಿಗೆ ಹೃದಯದ ಆಪರೇಷನ್ ಆಯಿತು. ಅವರ ಹೆಂಡತಿಯನ್ನು ನಾವೆಲ್ಲ ಚಾಚಿ ಎನ್ನುತ್ತಿದ್ದೆವು. ಅವರು ಒಂದು ದಿನ ಮೆಟ್ಟಿಲ ಹತ್ತಿರ ಸಿಕ್ಕಿ, "ಬೇಟಾ, ನೀನು ನುಡಿಸೋದು ಚೆಂದ ಇರುತ್ತೆ. ಚಾಚಾ ಮಲಗಿದಾಗ ಮಾತ್ರ ಸ್ವಲ್ಪ..." ಎಂದು ಅಷ್ಟಕ್ಕೇ ನಿಲ್ಲಿಸಿದರು. ಅವರು ಬೈದಿದ್ದರೆ ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಆಂಪನ್ನು ಅರ್ಧ ಬೆಲೆಗೆ ಮಾರಿದೆ. ಲೆಕ್ಕ ಹಾಕಿ ಕೊಳ್ಳಬೇಕಿತ್ತು ಎಂಬ ಬುದ್ಧಿ ಬಂದದ್ದು ಆಮೇಲೆ. ಆ ಲೆಕ್ಕವನ್ನೇ ಈಗ ನಿಮಗೆ ಹೇಳುತ್ತೇನೆ.

ಗಾಜಿನ ಕೊಳವೆಯೊಳಗೆ ಏನಿದೆ?

ಟ್ಯೂಬ್ ಎಂದರೆ ಗಾಳಿ ತೆಗೆದ ಗಾಜಿನ ಕೊಳವೆ. ಅಜ್ಜನ ಕಾಲದ ವಾಲ್ವ್ ರೇಡಿಯೊದಲ್ಲಿ ಇದ್ದದ್ದು ಇದೇ. ಒಳಗಿನ ಕ್ಯಾಥೋಡ್ ಬಿಸಿಯಾದಾಗ ಅದರಿಂದ ಎಲೆಕ್ಟ್ರಾನುಗಳು ಹೊರಬರುತ್ತವೆ. ಇದನ್ನೇ ನೀವು ಥರ್ಮಿಯಾನಿಕ್ ಎಮಿಷನ್ ಎಂದು ಓದುತ್ತೀರಿ. ಅವು ಧನ ವಿದ್ಯುತ್ತಿನ ಆನೋಡ್ ಕಡೆಗೆ ಓಡುತ್ತವೆ. ಮಧ್ಯದಲ್ಲಿ ಗ್ರಿಡ್ ಎಂಬ ಜಾಲರಿ ಇರುತ್ತದೆ. ಗಿಟಾರಿನಿಂದ ಬಂದ ಸಣ್ಣ ವೋಲ್ಟೇಜು ಗ್ರಿಡ್ ಮೇಲೆ ಏರಿಳಿದಾಗ, ಎಲೆಕ್ಟ್ರಾನುಗಳ ದೊಡ್ಡ ಹರಿವು ಅದರಂತೆಯೇ ಏರಿಳಿಯುತ್ತದೆ. ಕಾಲುವೆಯ ತೂಬನ್ನು ಸ್ವಲ್ಪ ಎತ್ತಿದರೆ ಗದ್ದೆಗೆ ಬೇಕಾದಷ್ಟು ನೀರು ಹರಿದಂತೆ.

ಎರಡೇ ಎಲೆಕ್ಟ್ರೋಡ್ ಇರುವ ವಾಲ್ವನ್ನು 1904ರಲ್ಲಿ ಇಂಗ್ಲೆಂಡಿನ ಜಾನ್ ಆಂಬ್ರೋಸ್ ಫ್ಲೆಮಿಂಗ್ ಮಾಡಿದರು. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಅದಕ್ಕೆ ಗ್ರಿಡ್ ಸೇರಿಸಿದರು. ನಮ್ಮ ಬೆಂಗಳೂರಿನ ಬಿಇಎಲ್ ಕಾರ್ಖಾನೆಯಲ್ಲೂ 1961ರಿಂದ ರೇಡಿಯೊ ವಾಲ್ವ್‌ಗಳನ್ನು ತಯಾರಿಸುತ್ತಿದ್ದರು. 1947ರಲ್ಲಿ ಹುಟ್ಟಿದ ಟ್ರಾನ್ಸಿಸ್ಟರ್ ನಿಧಾನವಾಗಿ ಎಲ್ಲ ಕಡೆ ಟ್ಯೂಬಿನ ಜಾಗ ಹಿಡಿಯಿತು. ಗಿಟಾರ್ ನುಡಿಸುವವರು ಮಾತ್ರ ಟ್ಯೂಬನ್ನು ಬಿಡಲಿಲ್ಲ.

ಕಾರಣ ಹೀಗಿದೆ. ಯಾವ ಆಂಪ್ಲಿಫೈಯರಿಗೂ ಒಂದು ಮಿತಿ ಇರುತ್ತದೆ. ಮಿತಿ ಮೀರಿದಾಗ ಅಲೆಯ ತುದಿ ಕತ್ತರಿಸಿಹೋಗುತ್ತದೆ. ಸಾಮಾನ್ಯ ಟ್ರಾನ್ಸಿಸ್ಟರ್ ಆಂಪಿನಲ್ಲಿ ಕತ್ತಿಯಿಂದ ಕೊಯ್ದಂತೆ ಥಟ್ಟನೆ ಕತ್ತರಿಸಿ, ಧ್ವನಿ ಕರ್ಕಶವಾಗುತ್ತದೆ. ಟ್ಯೂಬಿನಲ್ಲಿ ತುದಿ ಮೆಲ್ಲಗೆ ದುಂಡಗಾಗುತ್ತದೆ. ಒಂದೇ ಪವರ್ ಟ್ಯೂಬ್ ಇರುವ ಸಣ್ಣ ಆಂಪುಗಳಲ್ಲಿ ಎರಡನೆಯ ಹಾರ್ಮೋನಿಕ್ ಚೆನ್ನಾಗಿ ಸೇರುತ್ತದೆ. ಅದು ಮೂಲ ಸ್ವರದ ಎರಡರಷ್ಟು ಆವೃತ್ತಿ, ಅಂದರೆ ತಾರಸ್ಥಾಯಿಯ ಅದೇ ಸ್ವರ. ಹಾಗಾಗಿ ಧ್ವನಿ ತುಂಬಿಕೊಂಡಂತೆ ಕೇಳುತ್ತದೆ.

ಇಲ್ಲಿ ಒಂದು ಮಾತು ಮುಖ್ಯ: ಈ ಗುಣ ಬರುವುದು ಟ್ಯೂಬನ್ನು ಮಿತಿಯ ಹತ್ತಿರ ದುಡಿಸಿದಾಗ. ನನ್ನ ಮೂವತ್ತು ವ್ಯಾಟಿನ ಆಂಪ್ ಆ ಮಿತಿಗೆ ಹೋಗುವ ಹೊತ್ತಿಗೆ ಬೀದಿಗೆಲ್ಲ ಕೇಳುತ್ತಿತ್ತು.

ವ್ಯಾಟ್ ಬೇರೆ, ಸದ್ದು ಬೇರೆ

ಹಾಗಾದರೆ ಐವತ್ತರ ಬದಲು ಐದು ವ್ಯಾಟ್ ಕೊಂಡರೆ ಸದ್ದು ಹತ್ತರಲ್ಲಿ ಒಂದು ಪಾಲಾಗುತ್ತದೆಯೇ? ಇಲ್ಲ. ಎಲ್ಲರೂ ಎಡವುವುದು ಇಲ್ಲೇ. ನಮ್ಮ ಕಿವಿ ಲಾಗರಿದಮ್ ಲೆಕ್ಕದಲ್ಲಿ ಕೇಳುತ್ತದೆ. ವಿದ್ಯುತ್ ಸಾಮರ್ಥ್ಯ ಎರಡರಷ್ಟಾದರೆ ಸದ್ದು ಏರುವುದು ಕೇವಲ 3 ಡೆಸಿಬೆಲ್. ಹತ್ತರಷ್ಟಾದರೆ 10 ಡೆಸಿಬೆಲ್. ಈ 10 ಡೆಸಿಬೆಲ್ ನಮ್ಮ ಕಿವಿಗೆ ಸುಮಾರು ಎರಡರಷ್ಟು ಜೋರು ಎನಿಸುತ್ತದೆ. ಅಂದರೆ ಐದು ವ್ಯಾಟಿನ ಆಂಪ್, ಐವತ್ತು ವ್ಯಾಟಿನದಕ್ಕಿಂತ ಬರೀ ಅರ್ಧದಷ್ಟು ಮೆಲ್ಲಗೆ ಕೇಳುತ್ತದೆ, ಅಷ್ಟೆ.

ಈಗ ನಿಜವಾದ ಸಂಖ್ಯೆಗಳನ್ನು ನೋಡೋಣ. ಗಿಟಾರ್ ಸ್ಪೀಕರುಗಳ ಮೇಲೆ ಸೆನ್ಸಿಟಿವಿಟಿ ಎಂದು ಒಂದು ಅಂಕಿ ಕೊಟ್ಟಿರುತ್ತಾರೆ. 97 ಡೆಸಿಬೆಲ್ ಎಂದಿದ್ದರೆ, ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಅಷ್ಟು ಸದ್ದು ಎಂದರ್ಥ. ಆ ಸ್ಪೀಕರಿಗೆ ಐವತ್ತು ವ್ಯಾಟ್ ಕೊಟ್ಟರೆ 114, ಐದು ವ್ಯಾಟಿಗೆ 104, ಒಂದು ವ್ಯಾಟಿಗೆ 97, ವ್ಯಾಟಿನ ಹತ್ತನೇ ಒಂದು ಭಾಗಕ್ಕೆ 87 ಡೆಸಿಬೆಲ್. ಲಾಗರಿದಮ್ ಟೇಬಲ್ ತೆಗೆದು ನೀವೇ ಪರೀಕ್ಷಿಸಿ.

ಇವು ಎಷ್ಟು ಜೋರು? ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬೆಲ್ ಮಿತಿ. ಕಿವಿಯ ವಿಷಯದಲ್ಲಿ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಹೇಳುವ ಲೆಕ್ಕ ಹೀಗಿದೆ: 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು. ಆಮೇಲೆ ಪ್ರತಿ 3 ಡೆಸಿಬೆಲ್ ಏರಿಕೆಗೂ ಸಮಯ ಅರ್ಧವಾಗುತ್ತದೆ. 97ಕ್ಕೆ ಅರ್ಧ ಗಂಟೆ. 104ಕ್ಕೆ ಸುಮಾರು ಆರೇ ನಿಮಿಷ! ನಾನು ಆ ಸಂಜೆ ಒಂದು ಗಂಟೆ ನುಡಿಸಿದ್ದೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಇದನ್ನು ಜೀವಶಾಸ್ತ್ರದ ವಿದ್ಯಾರ್ಥಿಗಳು ಉಳಿದವರಿಗೆ ವಿವರಿಸಲಿ.

ಹಾಗಾದರೆ ಯಾವುದನ್ನು ಕೊಳ್ಳಬೇಕು?

ಮನೆಯಲ್ಲಿ ನುಡಿಸಲು ಒಂದು ವ್ಯಾಟ್ ಕಡಿಮೆಯಲ್ಲ, ಐದು ವ್ಯಾಟ್ ಧಾರಾಳ. ಮಾರ್ಷಲ್ ಡಿಎಸ್ಎಲ್1, ಬ್ಲ್ಯಾಕ್‌ಸ್ಟಾರ್ ಎಚ್‌ಟಿ-1 ಒಂದು ವ್ಯಾಟಿನವು. ಮಾರ್ಷಲ್‌ನದನ್ನು ಸ್ವಿಚ್ ಒತ್ತಿ ವ್ಯಾಟಿನ ಹತ್ತನೇ ಒಂದು ಭಾಗಕ್ಕೆ ಇಳಿಸಬಹುದು. ಫೆಂಡರ್ ಚಾಂಪ್ ಹಳೆಯ ಹೆಸರು. ಒಂದು 6ವಿ6 ಪವರ್ ಟ್ಯೂಬ್, ಎಂಟು ಇಂಚಿನ ಸ್ಪೀಕರ್, ಸುಮಾರು ಐದು ವ್ಯಾಟ್. ಫೆಂಡರ್ ಬ್ಲೂಸ್ ಜೂನಿಯರ್ ಎರಡು ಇಎಲ್84 ಟ್ಯೂಬಿನ ಹದಿನೈದು ವ್ಯಾಟಿನದು. ಅದು ಸಣ್ಣ ಸಭಾಂಗಣಕ್ಕೂ ಸಾಕು. ನಾಲ್ಕು ಇಎಲ್84 ಇರುವ ವಾಕ್ಸ್ ಎಸಿ30 ವೇದಿಕೆಗೆ ಹುಟ್ಟಿದ ಯಂತ್ರ, ಮಲಗುವ ಕೋಣೆಗಲ್ಲ.

ಹೆಸರಿಗಿಂತ ಮೂರು ಗುಣ ನೋಡಿ. ಒಂದು, ಗೇನ್ ಮತ್ತು ಮಾಸ್ಟರ್ ವಾಲ್ಯೂಮ್ ಎಂದು ಎರಡು ಗುಂಡಿ ಇರಲಿ. ಗೇನ್ ಏರಿಸಿ ಮಾಸ್ಟರ್ ಇಳಿಸಿದರೆ ಮುಂದಿನ ಸಣ್ಣ ಟ್ಯೂಬುಗಳು ದುಡಿಯುತ್ತವೆ, ಸದ್ದು ಕಡಿಮೆ ಇರುತ್ತದೆ. ಪವರ್ ಟ್ಯೂಬಿನ ಗುಣ ಪೂರ್ತಿ ಬರುವುದಿಲ್ಲ, ಆದರೂ ತಕ್ಕಮಟ್ಟಿಗೆ ಸರಿ. ಎರಡು, ವ್ಯಾಟ್ ಇಳಿಸುವ ಸ್ವಿಚ್. ಮೂರು, ಸ್ಪೀಕರಿನ ಸೆನ್ಸಿಟಿವಿಟಿ. 100ರ ಬದಲು 97ರ ಸ್ಪೀಕರ್ ಆರಿಸಿದರೆ ಆಂಪಿನ ವ್ಯಾಟನ್ನು ಅರ್ಧ ಮಾಡಿದಷ್ಟೇ ಪರಿಣಾಮ.

ಆಂಪಿಗೂ ಸ್ಪೀಕರಿಗೂ ನಡುವೆ ಹಾಕುವ ಅಟೆನ್ಯುಯೇಟರ್ ಎಂಬ ಪೆಟ್ಟಿಗೆಯೂ ಸಿಗುತ್ತದೆ. ಹೆಚ್ಚಿನ ಸಾಮರ್ಥ್ಯವನ್ನು ಅದು ಶಾಖವಾಗಿ ಕಳೆಯುತ್ತದೆ. ಆದರೆ ಅದರಿಂದ ಪವಾಡ ನಿರೀಕ್ಷಿಸಬೇಡಿ. ಸದ್ದು ಕಡಿಮೆಯಾದಾಗ ನಮ್ಮ ಕಿವಿಗೆ ಮಂದ್ರ ಸ್ವರಗಳು, ತೀರಾ ಮೇಲಿನ ಸ್ವರಗಳು ಇನ್ನೂ ಕಡಿಮೆ ಕೇಳುತ್ತವೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು ವಿಜ್ಞಾನಿಗಳು ಇದನ್ನು 1933ರಲ್ಲೇ ಅಳೆದು ತೋರಿಸಿದ್ದಾರೆ. ಹಾಗಾಗಿ ಮೆಲ್ಲನೆಯ ಧ್ವನಿ ತೆಳುವೆನಿಸಿದರೆ ತಪ್ಪೆಲ್ಲ ಆಂಪಿನದಲ್ಲ. ಸ್ವಲ್ಪ ಬಾಸ್ ಏರಿಸಿ, ಸರಿಹೋಗುತ್ತದೆ.

ಈಗಷ್ಟೇ ಕಲಿಯುತ್ತಿರುವವರಿಗೆ ಒಂದು ಮಾತು. ಹೆಡ್‌ಫೋನ್ ಹಾಕಿಕೊಳ್ಳಬಹುದಾದ ಸಣ್ಣ ಟ್ರಾನ್ಸಿಸ್ಟರ್ ಆಂಪ್ ಕೊಂಡರೆ ಅವಮಾನವೇನಿಲ್ಲ. ಬೆರಳು ತಿದ್ದಿಕೊಳ್ಳಲು ಟ್ಯೂಬ್ ಬೇಕಾಗಿಲ್ಲ.

ಕೊಳ್ಳುವ ಮುನ್ನ, ಆನ್ ಮಾಡುವ ಮುನ್ನ

ಹಿಂಬದಿಯ ಫಲಕದಲ್ಲಿ ವೋಲ್ಟೇಜ್ ಓದಿ. ನಮ್ಮಲ್ಲಿ 230 ವೋಲ್ಟ್, ಅಮೆರಿಕದಲ್ಲಿ 120. ಅಲ್ಲಿಂದ ಯಾರೋ ತಂದ ಆಂಪನ್ನು ನೇರವಾಗಿ ಇಲ್ಲಿನ ಸಾಕೆಟ್ಟಿಗೆ ಹಾಕಿದರೆ ಫ್ಯೂಸ್ ಹೋಗುತ್ತದೆ, ಟ್ರಾನ್ಸ್‌ಫಾರ್ಮರ್ ಕೂಡ ಸುಡಬಹುದು.

ಟ್ಯೂಬುಗಳನ್ನು ನೋಡಿ. ಗಾಜಿನ ಒಳಗೆ ಕನ್ನಡಿಯಂತೆ ಹೊಳೆಯುವ ಲೇಪ ಬೇರಿಯಮ್ ಲೋಹದ್ದು. ಉಳಿದ ಅನಿಲವನ್ನು ಹೀರಿಕೊಳ್ಳುವುದು ಅದರ ಕೆಲಸ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಗಾಳಿ ಒಳಹೊಕ್ಕಿದೆ, ಆ ಟ್ಯೂಬ್ ಸತ್ತಿದೆ. ತಂತುವಿನ ಹತ್ತಿರ ಕಿತ್ತಳೆ ಬೆಳಕು ಸಹಜ. ಆದರೆ ಹೊರಗಿನ ಲೋಹದ ತಗಡೇ ಕೆಂಪಾಗಿದ್ದರೆ ತಕ್ಷಣ ಆಫ್ ಮಾಡಿ. ಪವರ್ ಟ್ಯೂಬುಗಳು ಸವೆಯುತ್ತವೆ, ಬದಲಿಸಬೇಕಾಗುತ್ತದೆ. ಆ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಸ್ಪೀಕರ್ ಜೋಡಿಸದೆ ಟ್ಯೂಬ್ ಆಂಪನ್ನು ನುಡಿಸಬೇಡಿ. ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹಾಳಾಗಬಹುದು.

ಎಂದೂ ಬಿಚ್ಚಬೇಡಿ. ಒಳಗೆ ಮುನ್ನೂರು, ನಾನೂರು ವೋಲ್ಟ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಪ್ರಾಣ ತೆಗೆಯುವಷ್ಟು ಚಾರ್ಜ್ ಉಳಿದಿರಬಹುದು. ಪ್ರಯೋಗಾಲಯದಲ್ಲಿ ಐದು ವೋಲ್ಟಿನ ಸರ್ಕ್ಯೂಟ್ ಜೋಡಿಸಿದ ಧೈರ್ಯವನ್ನು ಇಲ್ಲಿ ತೋರಿಸಬೇಡಿ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು ಅರ್ಥಿಂಗ್. ಎಲೆಕ್ಟ್ರಿಕ್ ಗಿಟಾರಿನ ತಂತಿಗಳು ಸಾಮಾನ್ಯವಾಗಿ ಕೇಬಲ್ಲಿನ ಮೂಲಕ ಆಂಪಿನ ಲೋಹದ ಚೌಕಟ್ಟಿಗೆ ಸೇರಿರುತ್ತವೆ. ಆಂಪಿನೊಳಗೆ ಏನಾದರೂ ದೋಷವಾಗಿ ಚೌಕಟ್ಟಿಗೆ ಕರೆಂಟ್ ಬಂದರೆ, ಅದು ನೀವು ಹಿಡಿದ ತಂತಿಗೂ ಬರುತ್ತದೆ. ಅರ್ಥ್ ಸರಿಯಿದ್ದರೆ ಕರೆಂಟ್ ಆ ದಾರಿಯಲ್ಲಿ ಹರಿದು ಫ್ಯೂಸ್ ಹೋಗುತ್ತದೆ. ಇಲ್ಲದಿದ್ದರೆ ದಾರಿ ನಿಮ್ಮ ಮೈಯೇ. ಮೂರು ಪಿನ್ನಿನ ದೊಡ್ಡ ಪಿನ್ನನ್ನು ಕೀಳುವುದು, ಎರಡು ಪಿನ್ನಿನ ಅಡಾಪ್ಟರ್ ಹಾಕುವುದು ಬೇಡವೇ ಬೇಡ.

ಆ ಹುಡುಗನಿಗೆ ಇದೆಲ್ಲ ಹೇಳಿ, "ಮೊದಲು ಮನೆಯ ಅರ್ಥಿಂಗ್ ಪರೀಕ್ಷೆ ಮಾಡಿಸು" ಎಂದಿದ್ದೆ. ವಾರದ ನಂತರ ಬಂದ. "ಸರ್, ಎಲೆಕ್ಟ್ರಿಷಿಯನ್ ನೋಡಿದ್ರು. ಸಾಕೆಟ್ಟಲ್ಲಿ ಮೂರು ತೂತಿದೆ, ಹಿಂದೆ ಅರ್ಥ್ ವೈರೇ ಇಲ್ಲ. ಅಮ್ಮಿ ಆರು ವರ್ಷದಿಂದ ಅದರಲ್ಲೇ ವಾಷಿಂಗ್ ಮೆಷಿನ್ ಓಡಿಸ್ತಿದ್ದಾರೆ" ಎಂದ. ಆಂಪಿಗೆಂದು ಇಟ್ಟಿದ್ದ ದುಡ್ಡಿನಲ್ಲಿ ಒಂದು ಪಾಲು ಅಂಗಳದಲ್ಲಿ ಅರ್ಥ್ ಗುಂಡಿ ತೋಡಿಸಲು ಹೋಯಿತು. ಉಳಿದದ್ದರಲ್ಲಿ ಒಂದು ವ್ಯಾಟಿನ ಆಂಪ್ ಹುಡುಕುತ್ತಿದ್ದಾನೆ. ಅವಸರವಿಲ್ಲ ಎನ್ನುತ್ತಾನೆ.

ನೀವೂ ಇಂದು ಮನೆಗೆ ಹೋದಾಗ ತಂದೆಯವರಲ್ಲಿ ಆ ಒಂದು ಪ್ರಶ್ನೆ ಕೇಳಿ. ಗಿಟಾರ್ ಇಲ್ಲದಿದ್ದರೂ ಸರಿ.